ನಿನ್ನೆ ಅಂತ ಬರೆದುಕೊಂಡರು

ನಮ್ಮ ಕಾಲೋನಿಯಲ್ಲಿ ಯಾರಿಗೂ ಇವತ್ತು ಜ್ವರ ಬರುವುದಿಲ್ಲ. ಬಂದರೆ ಮೂರು ದಿನದ ಹಿಂದೆಯೇ ಬಂದಿರಬೇಕು. ಹೊಟ್ಟೆನೋವಾದರೆ ಒಂದು ವಾರದ್ದಾಗಿರಬೇಕು. ಚೇಳು ಈಗ ತಾನೇ ಕಡಿದಿದ್ದರೂ ನಿನ್ನೆ ಸಂಜೆಯೇ ಕಡಿದಿರಬೇಕು.

ಈ ವಿದ್ಯೆಯನ್ನು ನಮಗೆ ಕಲಿಸಿದ್ದು ಆಸ್ಪತ್ರೆಗಳು. ಈಗ ಶುರುವಾಯಿತು ಎಂದರೆ ಆಚೆ ಕೂತ್ಕೊಳ್ಳಿ ಎನ್ನುತ್ತಾರೆ. ಕೂತವರನ್ನು ಮರೆಯುತ್ತಾರೆ. ಊಟಕ್ಕೆ ಹೋಗುತ್ತಾರೆ, ಬಂದು ಕೈ ಒರೆಸಿಕೊಳ್ಳುತ್ತಾರೆ, ಯಾರು ನೀವು ಎಂದು ಮೊದಲಿನಿಂದ ಕೇಳುತ್ತಾರೆ. ಮೂರು ದಿನದಿಂದ ಹಿಂಗೇ ಇದೆ ಎಂದರೆ ಮಾತ್ರ ತಲೆ ಎತ್ತುತ್ತಾರೆ. ಇಷ್ಟು ದಿನ ಏನು ಕತ್ತೆ ಕಾಯ್ತಿದ್ರಾ ಎಂದು ಬೈಯುತ್ತಾರೆ. ಬೈದರೆ ನಮಗೆ ಸಮಾಧಾನ. ಬೈಯಬೇಕಾದರೆ ಮುಖ ನೋಡಲೇಬೇಕಲ್ಲ. ಅದೃಷ್ಟವಿದ್ದರೆ ಮುಟ್ಟಿಯೂ ನೋಡುತ್ತಾರೆ.

ನಮ್ಮ ಚಿಕ್ಕಪ್ಪ ಅಶ್ವತ್ಥ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದು. ಗಾರೆ ಕೆಲಸದವನು. ಕಾಲೋನಿಯಲ್ಲಿ ಯಾರನ್ನು ಆಸ್ಪತ್ರೆಗೆ ಒಯ್ಯುವುದಾದರೂ ಅವನು ಜೊತೆಗೆ ಬೇಕು. ಹಿಂದೊಮ್ಮೆ ಚಿಕ್ಕಮ್ಮನಿಗೆ ನೋವು ಕಾಣಿಸಿಕೊಂಡಾಗ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಈಗ್ಲೇ ಶುರುವಾಯ್ತು ಅಂದಿದ್ದ. ಹಾಗಾದರೆ ಇನ್ನೂ ಹೊತ್ತಿದೆ, ಕೂತ್ಕೊಳ್ಳಿ ಅಂದರು. ಮಗು ಬೆಂಚಿನ ಮೇಲೆ ಹುಟ್ಟಿತು. ಉಳಿಯಲಿಲ್ಲ. ಅವತ್ತಿನಿಂದ ಅವನು ಆಸ್ಪತ್ರೆಯಲ್ಲಿ ನಿಜ ಹೇಳುವುದನ್ನು ಬಿಟ್ಟ.

ನಾನು ರಾಧಾಮಣಿ. ನಮ್ಮದು ಪಾವಗಡ ತಾಲೂಕು, ರಾಯಚರ್ಲಿನ ಆಚೆ. ನನ್ನನ್ನು ಸಾಕಿದ್ದು ಜೇಜಿ. ನಮ್ಮ ಕಡೆ ಅಪ್ಪನ ತಾಯಿಯನ್ನು ಹಾಗೆ ಕರೆಯುತ್ತೇವೆ, ತೆಲುಗಿನವರ ಹಾಗೆ. ಹೆಸರು ಮಹಾಲಕ್ಷ್ಮಮ್ಮ. ಆ ಹೆಸರಿಟ್ಟವರು ಬಹಳ ತಮಾಷೆಯ ಮನುಷ್ಯರಿರಬೇಕು. ಅವಳು ಅನ್ನಕ್ಕಿಂತ ಹೆಚ್ಚು ಕಥೆ ಹಾಕಿ ನನ್ನನ್ನು ಬೆಳೆಸಿದಳು. ಅನಗನಗಾ ಒಕ ರಾಜು ಎಂದು ತೆಲುಗಿನಲ್ಲಿ ಶುರು ಮಾಡಿ ರಾಜ ಕಷ್ಟಕ್ಕೆ ಸಿಕ್ಕುವ ಹೊತ್ತಿಗೆ ಕನ್ನಡಕ್ಕೆ ಬರುತ್ತಿದ್ದಳು. ಸುಖ ಎಲ್ಲ ತೆಲುಗಿನಲ್ಲಿ, ಕಷ್ಟ ಎಲ್ಲ ಕನ್ನಡದಲ್ಲಿ. ನಾನು ಬಿ.ಎ. ಓದಿದ ಮೇಲೂ ಬಾವಿಯೊಳಗೆ ಊರಿದೆ, ಹುಣಸೆಮರಕ್ಕೆ ನಿದ್ದೆ ಬರುತ್ತದೆ ಎಂದೆಲ್ಲ ಅರ್ಧ ನಂಬಿಕೊಂಡೇ ಇದ್ದೆ. ಕನಸು ಕಾಣ್ತಾ ಕೂತರೆ ಸೊಪ್ಪು ಯಾರು ಬಿಡಿಸ್ತಾರೆ ಎಂದು ಚಿಕ್ಕಮ್ಮ ಬೈಯುತ್ತಿದ್ದಳು. ಕಂಡದ್ದನ್ನು ಕಣ್ಣಿಗೆ ಕಂಡ ಹಾಗೆ ನೋಡುವುದನ್ನು ನಾನು ಕಲಿತದ್ದು ಆ ಒಂದು ಮಧ್ಯಾಹ್ನ.

ನಮ್ಮ ಕಡೆ ಹೊಲಗಳಲ್ಲಿ ಈಗ ಗಾಜು ಬೆಳೆಯುತ್ತದೆ. ಕಣ್ಣು ಹರಿಯುವವರೆಗೂ ಸೋಲಾರ್ ಪ್ಯಾನೆಲ್. ಜಮೀನಿದ್ದವರು ಗುತ್ತಿಗೆಗೆ ಕೊಟ್ಟು ಕಟ್ಟೆ ಮೇಲೆ ಕೂತರು. ಜಮೀನಿಲ್ಲದ ನಮಗೆ ಆ ಹೊಲದಲ್ಲಿದ್ದ ಕೂಲಿಯೂ ಹೋಯಿತು. ಅದರ ಬದಲಿಗೆ ಒಂದು ಉದ್ದನೆಯ ಕೋಲು ಸಿಕ್ಕಿತು. ಕೋಲಿನ ತುದಿಗೆ ಬಟ್ಟೆ. ಬೆಳಿಗ್ಗೆ ನೀರಿನ ಪೈಪನ್ನು ಹೆಗಲ ಮೇಲೆ ಎಳೆದುಕೊಂಡು ಸಾಲು ಸಾಲು ತೊಳೆಯಬೇಕು. ಹೆಗಲ ಚರ್ಮ ಸುಲಿಯುತ್ತದೆ. ಬಿಸಿಲೇರಿದ ಮೇಲೆ ಗಾಜಿಗೆ ನೀರು ಹಾಕಬಾರದು. ಕಾದ ಗಾಜು ಒಡೆಯುತ್ತದಂತೆ. ಆಗ ನಮ್ಮನ್ನು ಪ್ಯಾನೆಲ್ಲಿನ ಅಡಿಗೆ ಹುಲ್ಲು ಕುಯ್ಯಲು ಬಿಡುತ್ತಾರೆ. ಗಾಜು ಒಡೆಯುತ್ತದೆ, ನಾವು ಒಡೆಯುವುದಿಲ್ಲ.

ಭೀಮರಾಜು ಕೆಲಸ ಮಾಡಿಸುವವನು. ಗುತ್ತಿಗೆದಾರನ ಕಡೆಯವನು. ವಯಸ್ಸಾದವರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದು ಎಂದು ಮೇಲಿನವರು ಹೇಳಿದ್ದಾರೆ. ಆದರೆ ವಯಸ್ಸಾದವರು ಅರ್ಧ ಕೂಲಿಗೆ ಬರುತ್ತಾರೆ. ಹಾಗಾಗಿ ಜೇಜಿಯಂಥವರನ್ನು ಹಿಂದಿನ ಗೇಟಿನಿಂದ ಒಳಗೆ ಬಿಡುತ್ತಿದ್ದ. ಯಾರಾದರೂ ಸಾಹೇಬರು ಬಂದರೆ ಅವರು ಪ್ಯಾನೆಲ್ಲಿನ ಅಡಿಯಲ್ಲಿ ಮಲಗಿಕೊಳ್ಳಬೇಕು. ಮಲಗಿಕೊಳ್ಳುತ್ತಿದ್ದರು.

ಆವತ್ತು ನಾನೂ ಹೋಗಿದ್ದೆ. ಊಟದ ಹೊತ್ತು ಹತ್ತಿರವಾಗಿತ್ತು. ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು. ಜೇಜಿ ಪಕ್ಕದ ಸಾಲಿನಲ್ಲಿ ಹುಲ್ಲು ಕುಯ್ಯುತ್ತಾ ಕಥೆ ಹೇಳುತ್ತಿದ್ದಳು. ಸೂರ್ಯನನ್ನು ಹಿಡಿದು ಕಟ್ಟಿಹಾಕಬೇಕು ಅಂತ ಒಬ್ಬ ರಾಜನಿಗೆ ಆಸೆಯಾಯಿತಂತೆ. ಊರಿನ ಮೇಲೆಲ್ಲ ಗಾಜು ಹಾಸಿದನಂತೆ. ಸೂರ್ಯ ಗಾಜಿನೊಳಗೆ ಸಿಕ್ಕಿಹಾಕಿಕೊಂಡು ಗಾಜೊರೆಸುವ ಮುದುಕಿಯ ಹತ್ತಿರ, ಅವ್ವಾ ನನ್ನ ಬಿಡಿಸು ಅಂತ ಬೇಡಿಕೊಂಡನಂತೆ. ಈ ಕಥೆ ನಾನು ಕೇಳಿರಲಿಲ್ಲ. ಆಗಲೇ ಹೊಸೆಯುತ್ತಿದ್ದಳು. ಆಮೇಲೇನಾಯ್ತು ಎಂದೆ.

"ಆಮ್ಯಾಕೆ ಮುದ್ಕಿ ಏನಂದ್ಲು ಅಂದ್ರೆ..." ಎಂದಳು. ಮುಂದಿನ ಮಾತು ಮಾತಿನಂತೆ ಬರಲಿಲ್ಲ. ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡು ಮಾತಾಡಿದಂತೆ ಬಂತು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ತಿರುಗಿದೆ. ಬಲಗೈಯಿಂದ ಕುಡುಗೋಲು ಜಾರಿತ್ತು. ಅದನ್ನು ಎತ್ತಿಕೊಳ್ಳಲು ನೋಡುತ್ತಿದ್ದಳು. ಕೈ ಅವಳ ಮಾತು ಕೇಳುತ್ತಿರಲಿಲ್ಲ. ಬಾಯಿಯ ಒಂದು ಕೊನೆ ಕೆಳಗೆ ಇಳಿದಿತ್ತು. ಎಲೆಅಡಿಕೆ ರಸ ಅಲ್ಲಿಂದ ಸೋರುತ್ತಿತ್ತು. ಎದ್ದು ನಿಲ್ಲಲು ಹೋಗಿ ಪ್ಯಾನೆಲ್ಲಿನ ಕಂಬಕ್ಕೆ ಒರಗಿ ಕುಸಿದಳು.

ಭೀಮರಾಜು ಬಂದ. ಹತ್ತಿರ ಬರಲಿಲ್ಲ. ಎರಡು ಸಾಲು ಆಚೆ ನಿಂತ.

"ಬಾಯಿ ಮೂಸಿ ನೋಡೇ," ಎಂದ.

"ಅವಳು ಕುಡಿಯಲ್ಲಣ್ಣ."

"ಮೂಸು ಅಂದೆ. ಏನ್, ನಾನ್ ಬಂದು ಮೂಸ್ಲಾ?"

ಮೂಸಿದೆ. ಸಾಯುವವರೆಗೂ ಮರೆಯುವುದಿಲ್ಲ. ನನ್ನನ್ನು ಸಾಕಿದವಳ ಬಾಯನ್ನು, ಒಬ್ಬ ನಿಂತು ನೋಡುತ್ತಿರುವಾಗ, ನಾಯಿಯ ಹಾಗೆ ಮೂಸಿದೆ. ಎಲೆಅಡಿಕೆ ವಾಸನೆ, ಅಷ್ಟೇ. ಹೇಳಿದೆ. ಇವರದ್ದೆಲ್ಲ ಇದ್ದದ್ದೇ, ನೆರಳಲ್ಲಿ ಮಲಗಿಸು, ಇಳಿದು ಹೋಗುತ್ತೆ ಎಂದ. ಹೊತ್ತು ಕಳೆಯಿತು. ಇಳಿಯಲಿಲ್ಲ. ಬಲಗಾಲೂ ಸತ್ತ ಹಾಗೆ ಬಿದ್ದುಕೊಂಡಿತು. ಜೀಪು ಕೊಡು ಎಂದು ಕೇಳಿದೆ. ಜೀಪು ಅಲ್ಲೇ ಇತ್ತು, ಬೇವಿನ ಮರದ ನೆರಳಲ್ಲಿ. ಜೀಪು ಮುಂದಿನ ಗೇಟಿನಿಂದ ಹೋಗಬೇಕು, ಗೇಟಿನಲ್ಲಿ ಈ ಮುದುಕಿ ಯಾರು ಅಂತ ಕೇಳುತ್ತಾರೆ ಎಂದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, ಉಪಕಾರ ಮಾಡುವವನ ಹಾಗೆ ಹೇಳಿದ:

"ಮಹಾಲಕ್ಷ್ಮಮ್ಮ ಇವತ್ ಕೆಲ್ಸಕ್ಕೆ ಬಂದಿಲ್ಲ. ನೀನೂ ಬಂದಿಲ್ಲ. ತಿಳೀತಾ? ಹಿಂದ್ಲಿಂದ ಎತ್ಕೊಂಡ್ ಹೋಗ್ರಿ."

ಸೀರೆಯೊಂದನ್ನು ಹಾಸಿ, ನಾಲ್ಕು ಹೆಂಗಸರು ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು ಹೋದೆವು. ಜೇಜಿ ತೂಕದವಳಲ್ಲ. ಆದರೂ ದಾರಿಯಲ್ಲಿ ಎರಡು ಸಲ ಇಳಿಸಿದೆವು. ಬೆಳಗಿನಿಂದ ಬಗ್ಗಿದ ಸೊಂಟಗಳು.

ಕಾಲೋನಿಯಲ್ಲಿ ಗಾಳಿ ಸೋಕಿದೆ ಅಂದರು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಗಾಡಿ ಇನ್ನೊಂದು ಊರಿಗೆ ಹೋಗಿದೆ, ಕಾಯಿರಿ ಎಂದರು. ಲಗೇಜ್ ಆಟೋ ಓಡಿಸುವ ಓಬಳಯ್ಯಣ್ಣ ತನ್ನ ಆಟೋದಲ್ಲಿದ್ದ ಟೊಮೆಟೊ ಕ್ರೇಟುಗಳನ್ನು ಇಳಿಸಿದ. ಲಕ್ವಕ್ಕೆ ಸಿದ್ದರಬೆಟ್ಟದ ಕಡೆ ಬೇರು ಅರೆದು ಕೊಡುವವರಿದ್ದಾರೆ, ನಮ್ಮ ಮಾವನಿಗೆ ವಾಸಿಯಾಯಿತು ಎಂದ. ಮಾವ ಎಲ್ಲಿದ್ದಾನೆ ಈಗ ಎಂದು ಚಿಕ್ಕಮ್ಮ ಕೇಳಿದಳು. ಹೋದ ವರ್ಷ ತೀರಿಕೊಂಡ ಎಂದ. ಅಲ್ಲಿಗೆ ಆ ಮಾತು ಮುಗಿಯಿತು.

"ಆಸ್ಪತ್ರೆಗೇ," ಎಂದ ಚಿಕ್ಕಪ್ಪ. "ನಾನ್ ಬತ್ತೀನಿ ನಡೀರಿ. ಅವ್ರತ್ರ ಹೆಂಗ್ ಮಾತಾಡ್ಬೇಕು ನಂಗೊತ್ತು."

ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನಿಂಗ್ ಇಲ್ಲ, ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಆ ದೊಡ್ಡಾಸ್ಪತ್ರೆ ಯಾವ ಊರಿನದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಅದೊಂದೇ ಕೆಟ್ಟದ್ದು ಎಂದುಕೊಂಡು ಮಿಕ್ಕವು ನೆಮ್ಮದಿಯಾಗಿ ನಿದ್ದೆ ಮಾಡುತ್ತವೆ. ಆಟೋದ ಹಿಂದೆ ಗೋಣಿಚೀಲದ ಮೇಲೆ ಜೇಜಿಯ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಕೂತೆ. ಮಧುಗಿರಿ ಬೆಟ್ಟ ದೂರದಿಂದ ಕಂಡಿತು, ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು. ಚಿಕ್ಕವಳಿದ್ದಾಗ ಅದು ನಿದ್ದೆ ಹೋದ ರಾಕ್ಷಸ ಎಂದು ಜೇಜಿ ಹೇಳಿದ್ದಳು. ಅವತ್ತು ನೋಡಿದರೆ ಬರೀ ಕಲ್ಲು. ಜೇಜಿ ಎಡಗೈಯಿಂದ ನನ್ನ ಬೆರಳು ಹಿಡಿದುಕೊಂಡಿದ್ದಳು. ಎಡಗೈಯಲ್ಲಿ ಇನ್ನೂ ಜೋರಿತ್ತು.

ದೊಡ್ಡಾಸ್ಪತ್ರೆಯ ಬಾಗಿಲಲ್ಲೇ ಚಿಕ್ಕಪ್ಪ ತನ್ನ ವಿದ್ಯೆ ತೋರಿಸಿದ. ನಾನು ಜೇಜಿಯನ್ನು ಆಟೋದಿಂದ ಇಳಿಸಿಕೊಂಡು ಬರುವಷ್ಟರಲ್ಲಿ ಅವನು ಓಡಿಹೋಗಿ ಟೇಬಲ್ಲಿನ ಮುಂದೆ ನಿಂತಿದ್ದ. ಕೈ ಕಟ್ಟಿಕೊಂಡು, ಬೆನ್ನು ಬಗ್ಗಿಸಿ. ಯಾವಾಗಿಂದ ಹೀಗಾಗಿದೆ ಎಂದು ನರ್ಸಮ್ಮ ಕೇಳಿದಳು.

"ನಿನ್ನೆ ಬೆಳಿಗ್ಗೆಯಿಂದ ಅಕ್ಕ," ಎಂದ ಚಿಕ್ಕಪ್ಪ. "ಪೂರ್ತಿ ಬಿದ್ದೋಗವ್ಳೆ. ಒಸಿ ಬೇಗ ನೋಡಿ."

ನರ್ಸಮ್ಮ ನಿನ್ನೆ ಅಂತ ಬರೆದುಕೊಂಡಳು. ಅವಳ ಮುಖದಲ್ಲಿದ್ದ ಆತುರ ಆರಿಹೋದದ್ದನ್ನು ನಾನು ನೋಡಿದೆ. ನೋಡಿದೆ, ಅರ್ಥವಾಗಲಿಲ್ಲ. ಯಾವ ಊರು ಎಂದಳು. ಊರೊಳಗಾ ಕಾಲೋನಿಯಾ ಎಂದಳು. ಲಕ್ವಕ್ಕೂ ಅದಕ್ಕೂ ಏನು ಸಂಬಂಧವೋ. ಚಿಕ್ಕಪ್ಪ ಹೇಳಿದ. ಸ್ಟ್ರೆಚರನ್ನು ಗೋಡೆಯ ಪಕ್ಕಕ್ಕೆ ತಳ್ಳಿಸಿ, ಡಾಕ್ಟರು ಬರ್ತಾರೆ ಇರಿ ಎಂದು ಹೋದಳು. ಚಿಕ್ಕಪ್ಪ ನನ್ನತ್ತ ತಿರುಗಿ ಕಣ್ಣಲ್ಲೇ ನಕ್ಕ. ನೋಡಿದ್ಯಾ, ಮಲಗ್ಸೋಕೆ ಜಾಗ ಸಿಕ್ತು ಎನ್ನುವ ಹಾಗೆ.

ಆ ಗೋಡೆಯ ಮೇಲೆ ದೊಡ್ಡದೊಂದು ಬೋರ್ಡ್ ಇತ್ತು. ನಗುವ ಡಾಕ್ಟರೊಬ್ಬರ ಚಿತ್ರ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಕ್ಷಣವೂ ತಡಮಾಡಬೇಡಿ. ರಕ್ತ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುವಿಗೆ ನಾಲ್ಕೂವರೆ ಗಂಟೆಯೊಳಗೆ ಇಂಜೆಕ್ಷನ್ ಕೊಟ್ಟರೆ ಕೈಕಾಲು ಉಳಿಯಬಹುದು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆಮೇಲೆ ಕೊಡಲಾಗುವುದಿಲ್ಲ. ನಿಮ್ಮ ಅಜ್ಞಾನ ನಿಮ್ಮವರ ಜೀವಕ್ಕೆ ಮುಳುವಾಗದಿರಲಿ.

ಎರಡು ಸಲ ಓದಿದೆ. ಸೂರ್ಯ ನೆತ್ತಿ ಮೇಲಿದ್ದಾಗ ಬಿದ್ದ ಜೇಜಿ ಇನ್ನೂ ಆ ಗಡುವಿನ ಒಳಗೇ ಇದ್ದಳು. ಕಾಗದದ ಮೇಲೆ ಮಾತ್ರ ಅವಳು ನಿನ್ನೆಯೇ ಆಚೆ ಹೋಗಿದ್ದಳು.

ಚಿಕ್ಕಪ್ಪನಿಗೆ ಬೋರ್ಡ್ ಓದಿ ಹೇಳಿದೆ. ಅವನಿಗೆ ಮೊದಲು ತಿಳಿಯಲಿಲ್ಲ. ಬೇಗ ಬಂದವರನ್ನ ಯಾವೂರಲ್ಲಿ ಮೊದ್ಲು ನೋಡ್ತಾರೆ ಎಂದ. ಆಮೇಲೆ ತಿಳಿಯಿತು. ಗೋಡೆಗೆ ಒರಗಿದ. ಸಿಮೆಂಟು ಹಿಡಿದು ಒಡೆದ ತನ್ನ ಕೈಗಳನ್ನೇ ನೋಡುತ್ತಾ ಕೂತುಬಿಟ್ಟ. ಅವನನ್ನು ಸಮಾಧಾನ ಮಾಡುವಷ್ಟು ಹೊತ್ತು ನನ್ನ ಹತ್ತಿರ ಇರಲಿಲ್ಲ. ಓಡಿದೆ.

ಮೇಡಂ, ನಿನ್ನೆ ಅಲ್ಲ, ಇವತ್ತು ಮಧ್ಯಾಹ್ನ, ನಾನೇ ನೋಡಿದೆ ಎಂದೆ. ನರ್ಸಮ್ಮ ನಂಬಲಿಲ್ಲ. ಬೋರ್ಡ್ ಓದ್ಕೊಂಡು ಬಂದ್ಯಾ ಎಂದಳು. ಡ್ಯೂಟಿ ಡಾಕ್ಟರು ಪ್ರಸನ್ನ ಕುಮಾರ್ ಎನ್ನುವವರು ಬಂದರು. ವಯಸ್ಸು ಚಿಕ್ಕದು, ಬೇಸರ ದೊಡ್ಡದು. ಹೊತ್ತು ಮೀರಿದ ಮೇಲೆ ಆ ಇಂಜೆಕ್ಷನ್ ಕೊಟ್ಟರೆ ತಲೆಯೊಳಗೆ ರಕ್ತನಾಳ ಒಡೆಯುತ್ತದೆ, ಬದುಕಿದವಳೂ ಸಾಯುತ್ತಾಳೆ ಎಂದು ವಿವರಿಸಿದರು. ಅದು ಸರಿಯಾದ ಮಾತೇ. ಹೊತ್ತು ಮೀರಿಲ್ಲ ಸಾರ್ ಎಂದೆ.

"ಆಗ ನಿನ್ನೆ ಅಂದ್ರಿ. ಈಗ ಇವತ್ತು ಅಂತೀರಿ. ಇನ್ನೊಂದು ಗಳಿಗೆ ಬಿಟ್ರೆ ನಾಳೆ ಅಂತೀರಿ," ಎಂದರು. "ನಿಮ್ಮೋರ ಮಾತು ನಂಬಿ ನಾನು ಕೆಲ್ಸ ಕಳ್ಕೊಬೇಕಾ? ಯಾರಾದ್ರೂ ಜವಾಬ್ದಾರಿ ಇರೋರು ಹೇಳ್ಲಿ, ನೋಡೋಣ."

ನಿಮ್ಮೋರ ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ಸಾಕಿದ ಅಜ್ಜಿಯ ಪಕ್ಕದಲ್ಲಿ ಹುಲ್ಲು ಕುಯ್ಯುತ್ತಿದ್ದವಳು ಜವಾಬ್ದಾರಿ ಇರುವವಳಲ್ಲ. ಜವಾಬ್ದಾರಿ ಇರುವವನು ಭೀಮರಾಜು. ಅವನಿಗೇ ಫೋನ್ ಮಾಡಿದೆ. ಡಾಕ್ಟರು ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ, ಸ್ಪೀಕರ್ ಹಾಕು ಎಂದರು.

ಭೀಮರಾಜುವಿನ ದನಿ ಎಷ್ಟು ನಯವಾಗಿತ್ತು ಎಂದರೆ ಬೇರೆ ಯಾರಿಗೋ ಹೋಯಿತೇನೋ ಅಂದುಕೊಂಡೆ.

"ಮಹಾಲಕ್ಷ್ಮಮ್ಮನಾ ಸಾರ್? ಇವತ್ತು ಕೆಲಸಕ್ಕೆ ಬಂದಿಲ್ಲ. ನಿನ್ನೆನೂ ಬಂದಿಲ್ಲ. ಪಾಪ, ಒಂಚೂರು ಕುಡಿಯೋ ಅಭ್ಯಾಸ ಇದೆ ಸಾರ್. ಇವ್ರಿಗೆಲ್ಲ ಎಷ್ಟು ಹೇಳಿದ್ರೂ ಅಷ್ಟೇ."

ಡಾಕ್ಟರು ತಲೆಯಾಡಿಸಿದರು. ಆಯ್ತಲ್ಲ ಎನ್ನುವ ಹಾಗೆ ನನ್ನನ್ನು ನೋಡಿದರು. ಚಿಕ್ಕಪ್ಪನದೂ ಸುಳ್ಳು, ಭೀಮರಾಜುವಿನದೂ ಸುಳ್ಳು. ಒಬ್ಬ ನಮ್ಮನ್ನು ನೋಡಲಿ ಎಂದು ಹೇಳಿದ್ದ. ಇನ್ನೊಬ್ಬ ನಾವು ಯಾರ ಕಣ್ಣಿಗೂ ಬೀಳದಿರಲಿ ಎಂದು ಹೇಳಿದ್ದ. ಎರಡು ಸುಳ್ಳು ಒಂದಕ್ಕೊಂದು ಹೊಂದಿಕೊಂಡ ಕೂಡಲೇ ಅದು ಆಸ್ಪತ್ರೆಗೆ ನಿಜವಾಯಿತು. ನನ್ನ ನಿಜ ಒಂಟಿಯಾಗಿ ನಿಂತಿತ್ತು.

ಡಾಕ್ಟರು ಮುಂದಿನವರನ್ನು ಕರೆದರು. ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಎದ್ದಳು. ಎಷ್ಟು ದಿನದಿಂದ ಜ್ವರ ಎಂದು ಅವಳನ್ನೂ ಕೇಳಿದರು. ಮೂರು ದಿನ ಎಂದಳು.

ಆ ಮಾತು ಕಿವಿಗೆ ಬಿದ್ದದ್ದೇ ನನ್ನೊಳಗೆ ಏನೋ ಹರಿಯಿತು. ಹೋಗಿ ಅವಳಿಗೂ ಡಾಕ್ಟರಿಗೂ ನಡುವೆ ನಿಂತೆ. ದನಿ ನನ್ನದೇ, ಆದರೆ ಅಷ್ಟು ಗಟ್ಟಿಯಾಗಿ ಅದು ಎಂದೂ ಬಂದಿರಲಿಲ್ಲ.

"ಅಕ್ಕಾ, ನಿಜ ಹೇಳು. ಮಗೂಗೆ ಜ್ವರ ಯಾವಾಗ ಬಂತು?"

ಅವಳು ಡಾಕ್ಟರನ್ನು ನೋಡಿದಳು. ನನ್ನನ್ನು ನೋಡಿದಳು. ಸ್ಟ್ರೆಚರಿನ ಮೇಲೆ ಬಾಯಿ ಸೊಟ್ಟಗೆ ಮಾಡಿಕೊಂಡು ಮಲಗಿದ್ದ ಮುದುಕಿಯನ್ನು ನೋಡಿದಳು. ಅಲ್ಲಿ ನಡೆದದ್ದನ್ನೆಲ್ಲ ಸಾಲಿನಲ್ಲಿದ್ದವರು ಆಗಲೇ ಕೇಳಿಸಿಕೊಂಡಿದ್ದರು.

"ಇವತ್ ಬೆಳಿಗ್ಗೆ," ಎಂದಳು. "ಇವತ್ತು ಅಂದ್ರೆ ನೋಡಲ್ಲ ಕಣಮ್ಮ. ಅದ್ಕೇ ಮೂರ್ ದಿನ ಅಂದೆ."

ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ ಮುದುಕನೊಬ್ಬ ಕೆಮ್ಮಿದ. ಕೊಳಾಲದ ಕಡೆಯವನಂತೆ. ನಾನು ಹಸ ಎಳೆದು ಬಿದ್ದದ್ದು ಇವತ್ತು, ಮೊನ್ನೆ ಅಂತ ಬರೆಸಿದ್ದೀನಿ, ತಿದ್ದಿಕೊಳ್ಳಿ ಎಂದ. ಅವನ ಪಕ್ಕದವಳು ತನ್ನ ಗಂಡನ ವಾಂತಿ ವಾರದ್ದಲ್ಲ, ಇವತ್ತು ಬೆಳಗಿನದು ಎಂದಳು. ಟೋಪಿ ಹಾಕಿದ ಸಿರಾದ ಮುದುಕರೊಬ್ಬರು, ನಮ್ದು ಭೀ ಹಂಗೇ ಎಂದು ಕೈ ಎತ್ತಿದರು. ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಎಲ್ಲರೂ ಹೇಳತೊಡಗಿದರು. ಆ ಸಾಲಿನಲ್ಲಿದ್ದ ಒಂದು ಕಾಯಿಲೆಗೂ ಬರೆಸಿದಷ್ಟು ವಯಸ್ಸಾಗಿರಲಿಲ್ಲ. ಆ ಆಸ್ಪತ್ರೆಯಲ್ಲಿ ಅವತ್ತು ಬರೆದದ್ದೆಲ್ಲ ಸುಳ್ಳು. ಬಹುಶಃ ಅದು ಕಟ್ಟಿದ ದಿನದಿಂದಲೂ.

"ನಿಜ ಹೇಳಿದೋರನ್ನ ಬೆಂಚಿನ ಮೇಲೆ ಸಾಯ್ಸಿದೋರು ನೀವು ಸಾರ್," ಎಂದೆ. "ನಮ್ಮ ಚಿಕ್ಕಪ್ಪ ಸುಳ್ಳು ಹೇಳೋದನ್ನ ಮನೇಲಿ ಕಲೀಲಿಲ್ಲ. ಇಂಥ ಟೇಬಲ್ ಮುಂದೇನೇ ಕಲ್ತಿದ್ದು. ನೀವೇ ಕಲಿಸಿದ ಪಾಠ ಒಪ್ಪಿಸಿದಾನೆ. ಈಗ ಅದಕ್ಕೇ ನಮ್ಮಜ್ಜೀನ ಫೇಲ್ ಮಾಡ್ತೀರಾ?"

ಡಾಕ್ಟರ ಮುಖ ಕೆಂಪಾಯಿತು. ಸೆಕ್ಯೂರಿಟಿಯವನನ್ನು ಕರೆದರು. ಅವನು ಬಂದು ನಿಂತ. ನನ್ನ ಮೇಲೆ ಕೈ ಹಾಕಲಿಲ್ಲ. ಅವನೂ ಯಾವುದೋ ಕಾಲೋನಿಯವನಿರಬೇಕು. ನಾನು ಸ್ಟ್ರೆಚರಿನ ಹಿಡಿ ಹಿಡಿದು ತಳ್ಳಿದೆ. ಸ್ಕ್ಯಾನಿಂಗ್ ಎಂದು ಬಾಣದ ಗುರುತು ಹಾಕಿದ್ದ ಕಡೆಗೆ. ಒಂದು ಚಕ್ರ ತಿರುಗುತ್ತಿರಲಿಲ್ಲ, ಕಿರ್ ಎಂದು ಎಳೆಯುತ್ತಿತ್ತು. ಕೂತಿದ್ದ ಚಿಕ್ಕಪ್ಪ ಎದ್ದು ಬಂದು ಇನ್ನೊಂದು ಕಡೆ ಹಿಡಿದ. ಸ್ಕ್ಯಾನಿಂಗ್ ಬಾಗಿಲಿಗೆ ಸ್ಟ್ರೆಚರನ್ನು ಅಡ್ಡ ನಿಲ್ಲಿಸಿ ನಾನು ಅದಕ್ಕೆ ಒರಗಿ ನಿಂತೆ. ಇವಳನ್ನು ಒಳಗೆ ತೆಗೆದುಕೊಳ್ಳದೆ ಇನ್ನು ಯಾರೂ ಒಳಗೆ ಹೋಗುವುದಿಲ್ಲ, ಯಾರೂ ಹೊರಗೂ ಬರುವುದಿಲ್ಲ ಎಂದೆ. ಹಿಂದೆ ಆ ಸಾಲು ಪೂರ್ತಿ ಬಂದು ನಿಂತಿತ್ತು.

ನರ್ಸಮ್ಮ ಡಾಕ್ಟರ ಕಿವಿಯಲ್ಲಿ ಏನೋ ಹೇಳಿದಳು. ಹಾಳಾಗಿ ಹೋಗಲಿ, ಸ್ಕ್ಯಾನ್ ಮಾಡಿ ಎಂದರು.

ಚಿತ್ರ ಬಂತು. ಡಾಕ್ಟರು ಅದನ್ನು ನೋಡಿದರು, ಫೋಟೋ ತೆಗೆದು ದೊಡ್ಡ ಡಾಕ್ಟರಿಗೆ ಕಳಿಸಿದರು, ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದರು. ರಕ್ತನಾಳ ಒಡೆದಿರಲಿಲ್ಲ. ನಿನ್ನೆ ಬೆಳಗಿನ ಪೆಟ್ಟಾಗಿದ್ದರೆ ಮೆದುಳಿನಲ್ಲಿ ಇಷ್ಟು ಹೊತ್ತಿಗೆ ಕಪ್ಪು ಮಚ್ಚೆ ಮೂಡಿರಬೇಕಿತ್ತು. ಇನ್ನೂ ಮೂಡಿರಲಿಲ್ಲ. ಇದು ಹೊಸದು ಎಂದು ಆ ಕಡೆಯವರು ಹೇಳಿರಬೇಕು. ನನ್ನ ಮಾತು ನಂಬದವರು ಚಿತ್ರವನ್ನು ನಂಬಿದರು. ಮೆದುಳಿನ ಚಿತ್ರದಲ್ಲಿ ಊರು ಯಾವುದು ಕಾಲೋನಿ ಯಾವುದು ಕಾಣುವುದಿಲ್ಲ ನೋಡಿ.

ಆಗ ಅವರಿಗೆ ಆತುರ ಬಂತು. ಎಂಥ ಆತುರ. ಅದುವರೆಗೆ ನಮ್ಮ ಹೊತ್ತನ್ನು ಉಗುಳಿನ ಹಾಗೆ ಚೆಲ್ಲಿದವರು ಬೇಗ ಬೇಗ ಎಂದು ನನಗೇ ಗದರಿದರು. ಇಂಜೆಕ್ಷನ್ ಕೊಡುವ ಮೊದಲು ಸಹಿ ಬೇಕು ಎಂದು ಕಾಗದ ತಂದರು. ಅಪಾಯ ಗೊತ್ತಿದೆ, ಒಪ್ಪಿದ್ದೇವೆ ಎಂದಿತ್ತು. ಅದು ಸರಿ. ಅದರ ಕೆಳಗೆ ಡಾಕ್ಟರು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದರು. ಚಿಕಿತ್ಸೆ ತಡವಾಗಲು ರೋಗಿಯ ಕಡೆಯವರು ಕೊಟ್ಟ ಸುಳ್ಳು ಮಾಹಿತಿಯೇ ಕಾರಣ, ಮುಂದಿನ ಪರಿಣಾಮಕ್ಕೆ ಅವರೇ ಹೊಣೆ.

ಚಿಕ್ಕಪ್ಪ ಆಗಲೇ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಿದ್ದ. ಅವನ ಕೈ ಹಿಡಿದು ಪ್ಯಾಂಟಿಗೆ ಒರೆಸಿದೆ.

"ಈ ಸಾಲಿಗೆ ನಾವು ಸಹಿ ಮಾಡಲ್ಲ."

"ರೀ, ನಿಮ್ಮಜ್ಜಿ ಟೈಮ್ ಹೋಗ್ತಿದೆ," ಎಂದರು ಡಾಕ್ಟರು.

"ಹೌದು ಸಾರ್. ಇಲ್ಲಿಗೆ ಬಂದಾಗಿಂದ ಹೋಗ್ತಾನೇ ಇದೆ."

ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೀಟು ಎಳೆದೆ. ಹಾಳೆ ಹರಿಯುವಷ್ಟು ಒತ್ತಿ ಎಳೆದೆ. ಪಕ್ಕದಲ್ಲಿ ಬರೆದೆ: ಇವತ್ತು ಮಧ್ಯಾಹ್ನ ಊಟಕ್ಕೆ ಮೊದಲು, ಕೆಲಸದ ಜಾಗದಲ್ಲಿ, ಭೀಮರಾಜುವಿನ ಎದುರಿಗೆ ಬಿದ್ದಳು. ಕಣ್ಣಾರೆ ಕಂಡವಳು ಮೊಮ್ಮಗಳು ರಾಧಾಮಣಿ. ಸಹಿ ಮಾಡಿ ಕೊಟ್ಟೆ. ಇದು ಬೇಡ ಎಂದರೆ ಇಂಜೆಕ್ಷನ್ ಕೊಡುವುದಿಲ್ಲ ಎಂದು ನೀವೇ ಬರೆದು ಸಹಿ ಮಾಡಿ ಕೊಡಿ ಎಂದೆ. ಆ ಮಾತು ಬರೆಯಲು ಅವರ ಕೈ ಏಳಲಿಲ್ಲ. ಸೂಜಿ ಹಿಡಿಯಲು ಎದ್ದಿತು.

ಇಂಜೆಕ್ಷನ್ ಒಳಗೆ ಹೋದಾಗ ಗಡುವು ಇನ್ನೂ ಮುಗಿದಿರಲಿಲ್ಲ. ಮುಗಿಯುವುದರಲ್ಲಿತ್ತು. ಬೋರ್ಡಿನ ಪ್ರಕಾರ ಜೇಜಿಗೆ ಸಿಕ್ಕಿದ್ದು ಸರಿಯಾದ ಹೊತ್ತಿನ ಚಿಕಿತ್ಸೆಯೇ.

ಕಾಲು ಬಂತು. ಎರಡನೆಯ ದಿನ ಹೆಬ್ಬೆರಳು ಅಲ್ಲಾಡಿತು, ಆಮೇಲೆ ಪಾದ. ಗೋಡೆ ಹಿಡಿದು ನಿಂತಳು. ಕೈ ಅರ್ಧ ಬಂತು. ತುತ್ತು ಹಿಡಿಯುತ್ತದೆ, ಬಾಯಿಗೆ ಹೋಗುವಷ್ಟರಲ್ಲಿ ಚೆಲ್ಲುತ್ತದೆ. ಬಾಯಿ ಬರಲಿಲ್ಲ. ಹೂಂ, ಬ್ಯಾಡ, ನೀರು, ರಾದಾ. ಇಷ್ಟು ಬಂದವು. ಬಾವಿಯೊಳಗಿನ ಊರು, ಗಾಜೊರೆಸುವ ಮುದುಕಿ, ಅವೆಲ್ಲ ಅವಳೊಳಗೆ ಎಲ್ಲೋ ಇರಬೇಕು. ಹೊರಗೆ ಬರಲು ದಾರಿಯಿಲ್ಲ. ಕಣ್ಣು ಮಾತ್ರ ಹೇಳುತ್ತಲೇ ಇರುತ್ತದೆ. ಒಂದು ದಿನ ದೊಡ್ಡ ಡಾಕ್ಟರು ಬಂದು ನೋಡಿ, ಬಂದ ತಕ್ಷಣ ಕೊಟ್ಟಿದ್ದರೆ ಮಾತೂ ಉಳಿಯುತ್ತಿತ್ತೇನೋ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಅಲ್ಲಿರುವುದು ಆಮೇಲೆ ಕಂಡಿತು. ನೀವು ಇನ್ನೂ ಸ್ವಲ್ಪ ಬೇಗ ಬಂದಿದ್ದರೆ ಎಂದು ತಿದ್ದಿಕೊಂಡರು.

ಭೀಮರಾಜು ನೋಡಲು ಬರಲಿಲ್ಲ. ಫೋನ್ ಮಾಡಿದ. ಆಸ್ಪತ್ರೆ ಕಾಗದದಲ್ಲಿ ತನ್ನ ಹೆಸರು ಯಾಕೆ ಬರೆದೆ ಎಂದು ಕೇಳಿದ, ಅದನ್ನು ತೆಗೆಸು ಎಂದ, ತೆಗೆಸಿದರೆ ಮುದುಕಿಯ ಜಾಗಕ್ಕೆ ನಿನ್ನನ್ನೇ ಪೂರ್ತಿ ಕೂಲಿಗೆ ತಗೋತೀನಿ ಎಂದ. ಅವತ್ತು ಕೆಲಸಕ್ಕೆ ಬಾರದೇ ಇದ್ದವಳ ಜಾಗ ಖಾಲಿ ಆಗಿದ್ದು ಹೆಂಗಣ್ಣ ಎಂದು ಕೇಳಿದೆ. ಫೋನ್ ಇಟ್ಟ.

ಮನೆಗೆ ಕಳಿಸುವ ದಿನ ವಾರ್ಡಿಗೆ ಹೂವಿನ ಹಾರ ಬಂತು. ಆಸ್ಪತ್ರೆಯ ಪ್ರಚಾರ ನೋಡಿಕೊಳ್ಳುವವನು ಕ್ಯಾಮೆರಾ ಹಿಡಿದು ಬಂದ. ಹಿಂದೆ ಪ್ರಸನ್ನ ಕುಮಾರ್, ಇಸ್ತ್ರಿ ಮಾಡಿದ ಕೋಟಿನಲ್ಲಿ. ಹಿಂದುಳಿದ ತಾಲೂಕಿನ ಬಡ ವೃದ್ಧೆಗೆ ಸಕಾಲದ ಚಿಕಿತ್ಸೆಯಿಂದ ಮರುಜೀವ ಎಂದು ಹಾಕುತ್ತಾರಂತೆ. ಪೇಪರಿಗೂ, ಗೋಡೆಗೂ. ಚಿಕ್ಕಪ್ಪ ನನ್ನನ್ನು ನೋಡಿದ. ನಾನು ಬೇಡ ಎನ್ನಲು ಬಾಯಿ ತೆರೆದೆ. ಜೇಜಿ ಎಡಗೈ ಎತ್ತಿ ನನ್ನನ್ನು ತಡೆದಳು. ನನಗೆ ಆಶ್ಚರ್ಯವಾಯಿತು, ಸ್ವಲ್ಪ ಸಿಟ್ಟೂ ಬಂತು.

ಹಾಸಿಗೆಯ ಮೇಲೆ ದಿಂಬು ಕೊಟ್ಟು ಕೂರಿಸಿದರು. ಹಾರ ಹಾಕಿದರು. ಡಾಕ್ಟರು ಪಕ್ಕಕ್ಕೆ ನಿಂತು ಅವಳ ಹೆಗಲ ಮೇಲೆ ಕೈ ಇಟ್ಟರು. ಅಷ್ಟು ದಿನದಲ್ಲಿ ಅವರು ಅವಳನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ಕ್ಯಾಮೆರಾದವನು ಕಣ್ಣು ಕಿರಿದು ಮಾಡಿ ನೋಡಿದ, ತಲೆ ಅಲ್ಲಾಡಿಸಿದ, ಹತ್ತಿರ ಬಂದ.

"ಅಜ್ಜೀ, ಮುಖ ಸ್ವಲ್ಪ ಬಲಕ್ಕೆ ತಿರುಗಿಸಿ. ಈ ಕಡೆ ಚೆನ್ನಾಗಿದೆ. ಆ ಕಡೆ ಸೊಟ್ಟ ಕಾಣುತ್ತೆ."

ಜೇಜಿ ಅವನನ್ನು ನೋಡಿದಳು. ಡಾಕ್ಟರನ್ನು ನೋಡಿದಳು. ಹೆಗಲ ಮೇಲಿದ್ದ ಆ ಕೈಯನ್ನು ನೋಡಿದಳು. ಎಡಗೈಯಿಂದ ಅದನ್ನು ಎತ್ತಿ ಪಕ್ಕಕ್ಕೆ ಇಟ್ಟಳು, ಮೈಮೇಲೆ ಬಿದ್ದ ಎಲೆ ತೆಗೆದ ಹಾಗೆ. ಆಮೇಲೆ ಮುಖ ತಿರುಗಿಸಿದಳು. ಎಡಕ್ಕೆ. ಇಳಿದ ತುಟಿ, ಜೋತ ಕೆನ್ನೆ, ಸೋರುವ ಜೊಲ್ಲು ಎಲ್ಲವನ್ನೂ ಕ್ಯಾಮೆರಾದ ಮುಂದೆ ಹಿಡಿದಳು.

ಕ್ಯಾಮೆರಾದವನು, ಆ ಕಡೆ ಅಲ್ಲ ಅಜ್ಜಿ, ಈ ಕಡೆ ಎಂದ. ಮತ್ತೂ ಹೇಳಿದ. ಡಾಕ್ಟರೂ ಹೇಳಿದರು.

ಅವಳು ಅಲ್ಲಾಡಲಿಲ್ಲ.